ಹೊನಗೊನ್ನೆ ಪಲ್ಲೆ ಅಳೆಸಲು ಹಾಲೆಂಡಿಗೆ ಹೋದದ್ದು

ಗೌತಮ, ಸುಜಾತಾ,

ನೀವು ಯಾದಗಿರಿಯಿಂದ ರಜೆಗೆ ಬಂದಾಗಲೆಲ್ಲ ಅದನ್ನೇ ಕೇಳುತ್ತೀರಿ. ಅಜ್ಜಿ, ವಿಮಾನದೊಳಗೆ ಹೇಗಿತ್ತು, ಆ ದೇಶದಲ್ಲಿ ಏನೇನು ನೋಡಿದೆ ಎಂದು. ನಾನು ಮೋಡ ನೋಡಿದೆ, ಚಳಿ ನೋಡಿದೆ ಎಂದು ಹೇಳಿ ಒಲೆಯ ಕಡೆ ತಿರುಗಿಬಿಡುತ್ತೇನೆ. ಎದುರಿಗೆ ಕುಳಿತು ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ತವರೂರು ಕೊಂಕಲ್ಲಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಬರೆದೇ ಹೇಳುತ್ತೇನೆ.

ನನ್ನ ಮಗಳು, ನಿಮ್ಮ ಅವ್ವ ರತ್ನಾ ತೀರಿಹೋದಾಗ ಸುಜಾತಾ ಇನ್ನೂ ತೆವಳುತ್ತಿದ್ದಳು. ರಕ್ತದೊಳಗಿನ ಕಾಯಿಲೆ ಎಂದರು. ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಕಾಗದ ಬರೆಯುತ್ತ, ತಲೆ ಎತ್ತದೆಯೇ, ಈಕೆಗೆ ಬಾಣಂತನದಲ್ಲಿ ಏನೇನು ತಿನ್ನಿಸಿದಿರಿ ಎಂದು ಕೇಳಿದರು. ಹೊನಗೊನ್ನೆ ಪಲ್ಲೆ ಎಂದೆ. ಕಾಲುವೆಯ ದಂಡೆಯಿಂದ ಹರಿದು ತಂದ ಹಸಿ ಸೊಪ್ಪು, ಅದು ಸಿಗದ ದಿನ ಒಣಗಿಸಿ ಕುಟ್ಟಿಟ್ಟ ಪುಡಿ, ಎರಡು ಹೊತ್ತು ರೊಟ್ಟಿಯ ಜೊತೆ. ರಕ್ತ ಆಗುತ್ತದೆ ಎಂದು ನಮ್ಮವ್ವ ನನಗೂ ಅದನ್ನೇ ತಿನ್ನಿಸಿದ್ದಳು. ಕಾಲುವೆಯ ಎರಡೂ ಕಡೆ ಭತ್ತ, ಹತ್ತಿ, ಔಷಧ ಹೊಡೆಯುವ ಹೊಲಗಳೇ ಅಲ್ಲವೇ ಎಂದು ಅವರು ಮತ್ತೆ ಕೇಳಿದರು. ಹೌದು ಎಂದೆ. ಅವರು ಮುಂದೆ ಏನನ್ನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ನಾನು ಅಷ್ಟು ದೂರ ಹೋಗುತ್ತಿರಲಿಲ್ಲವೇನೋ.

ನನ್ನ ಕೈಯಿಂದಲೇ ಅವಳಿಗೆ ವಿಷ ಹೋಯಿತೇ ಎಂಬ ಒಂದು ಮಾತು ತಿಳಿಯಬೇಕಿತ್ತು. ಅದಕ್ಕೇ ಹೋದೆ.

ವಾಡಿ ಜಂಕ್ಷನ್

ನನ್ನನ್ನು ಕರೆದುಕೊಂಡು ಹೋದವಳು ಶಾಹೀನ್. ನಿಮಗೆ ಅವಳ ನೆನಪಿರಬೇಕು, ಕನ್ನಡಕದ ಹುಡುಗಿ, ಬಂದಾಗಲೆಲ್ಲ ನಿಮಗೆ ಖಾರಿ ಬಿಸ್ಕೀಟು ತರುತ್ತಿದ್ದಳು. ರಂಗಂಪೇಟೆಯಲ್ಲಿ ಬಳೆ ಅಂಗಡಿಯವರ ಮಗಳು. ಮನೆಯಲ್ಲಿ ಉರ್ದು, ನಮ್ಮ ಜೊತೆ ನಮ್ಮ ಹಾಗೆಯೇ ಕನ್ನಡ. ಗಿಡದೊಳಗೆ, ಮಣ್ಣಿನೊಳಗೆ ಕಣ್ಣಿಗೆ ಕಾಣದಷ್ಟು ಸೇರಿಕೊಂಡ ಔಷಧವನ್ನು ಅಳೆಯುವ ವಿದ್ಯೆ ಅವಳು ಕಲಿಯುತ್ತಿದ್ದದ್ದು. ಅಳೆಯುವ ಯಂತ್ರ ಹಾಲೆಂಡಿನ ಒಂದು ಸಣ್ಣ ಊರಿನ ವಿದ್ಯಾಲಯದಲ್ಲಿತ್ತು. ಪಲ್ಲೆ ನಮ್ಮ ಕಾಲುವೆಯದು. ಯಾವ ಪಲ್ಲೆ ಯಾವ ತಿಂಗಳು ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಿದ್ದವರು ಬೇಕೆಂದು ಸುರಪುರದ ಸುತ್ತ ಕೇಳುತ್ತ ಬಂದಾಗ ಯಾರೋ ನನ್ನ ಮನೆ ತೋರಿಸಿದ್ದರು. ಮೂರು ವರ್ಷ ನಾನು ಅವಳಿಗೆ ಪಲ್ಲೆ ಹರಿದುಕೊಟ್ಟೆ. ಹೊನಗೊನ್ನೆ, ಗೋಳಿ, ಹಕ್ಕರಕಿ, ಕಿರಕಸಾಲಿ. ಅವಳು ಎರಡು ವಾರಕ್ಕೊಮ್ಮೆ ಬಂದು ಒಯ್ದು ಹಾಲೆಂಡಿಗೆ ಕಳಿಸುತ್ತಿದ್ದಳು.

ಹೀಗೆ ಬೇರೆ ಬೇರೆ ದೇಶದಲ್ಲಿ ಗಿಡ ಹರಿದುಕೊಟ್ಟವರನ್ನೆಲ್ಲ ಒಂದು ಸಭೆಗೆ ಕರೆದಿದ್ದರು. ನೀನು ಹೇಗೆ ಹರಿದೆ ಎಂದು ಐದು ನಿಮಿಷ ಹೇಳಿದರೆ ಸಾಕು ಎಂದಾಗ ನಾನು ಮೂರು ದಿನ ಬಾಗಿಲಿಗೆ ಬರಲಿಲ್ಲ. ಕೊನೆಗೆ ಒಪ್ಪಿದ್ದು ಸಭೆಗಾಗಿ ಅಲ್ಲ. ರತ್ನಾಳ ಬಾಣಂತನಕ್ಕೆಂದು ಕುಟ್ಟಿದ್ದ ಹೊನಗೊನ್ನೆ ಪುಡಿ ಗಾಜಿನ ಬಾಟಲಿಯ ತಳದಲ್ಲಿ ಇನ್ನೂ ಒಂದು ಹಿಡಿ ಉಳಿದಿತ್ತು. ಅದನ್ನೂ ಅಳೆದು ನೋಡುತ್ತೀರೇನು ಎಂದು ಶಾಹೀನಳನ್ನು ಕೇಳಿದೆ. ಅವಳು ಪಲ್ಲೆಯನ್ನು ಹೊರದೇಶಕ್ಕೆ ಒಯ್ಯಲು ಬೇಕಾದ ಸರಕಾರದ ಪತ್ರದಲ್ಲಿ ಆ ಬಾಟಲಿಯ ಹೆಸರನ್ನೂ ಸೇರಿಸಿಕೊಂಡು ಬಂದಳು.

ಯಾದಗಿರಿಯಲ್ಲಿ ರೈಲು ಹತ್ತಿ ವಾಡಿಯಲ್ಲಿ ಬದಲಿಸಿದೆವು. ಅಲ್ಲಿ ಬೆಂಚಿನ ಮೇಲೆ ಕುಳಿತಾಗ ಶಾಹೀನ್ ನನಗೆ ಇಂಗ್ಲಿಷಿನ ಒಂದು ವಾಕ್ಯ ಕಲಿಸಿದಳು. ವಿದ್ಯಾಲಯದ ಸಭೆಗೆ ಬಂದಿದ್ದೇನೆ ಎಂದು ಅರ್ಥ. ಹೈದರಾಬಾದು ಮುಟ್ಟುವವರೆಗೂ ಅದನ್ನೇ ಬಾಯಿಪಾಠ ಮಾಡಿದೆ.

ವಿಮಾನ, ಮತ್ತು ಮೂಸುವ ನಾಯಿ

ವಿಮಾನದಲ್ಲಿ ನನಗೆ ಭಯವಾಗಲಿಲ್ಲ, ನಾಚಿಕೆಯಾಯಿತು. ಹಸಿವಾದಾಗ ಖಡಕ್ ರೊಟ್ಟಿ ಮುರಿದೆ. ಆ ಸಪ್ಪಳಕ್ಕೆ ಮುಂದಿನ ಸಾಲಿನವರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಬಿಳಿ ಗಡ್ಡದವನು ಕೈ ಚಾಚಿ ಒಂದು ತುಂಡು ಇಸಿದುಕೊಂಡ. ಶೇಂಗಾ ಹಿಂಡಿ ಹಚ್ಚಿಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದು, ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ.

ಇಳಿದ ಮೇಲೆ ಗಾಜಿನ ಹಿಂದೆ ಕುಳಿತ ಪೊಲೀಸನು ಯಾಕೆ ಬಂದಿರಿ ಎಂದು ಕೇಳಿದ. ಕಲಿತ ವಾಕ್ಯ ಪೂರ್ತಿ ಮರೆತುಹೋಯಿತು. ಬಾಯಿಯಿಂದ ಬಂದದ್ದು ಪಲ್ಲೆ ಎಂಬ ಒಂದೇ ಶಬ್ದ. ಅವನು ಮತ್ತೆ ಕೇಳಿದ, ನಾನು ಮತ್ತೆ ಪಲ್ಲೆ ಎಂದೆ. ಹಿಂದಿನಿಂದ ಶಾಹೀನ್ ಓಡಿಬಂದು ಪತ್ರ ತೋರಿಸಿದಳು.

ಅಲ್ಲಿ ಸಾಮಾನು ಮೂಸುವ ನಾಯಿಯೊಂದಿತ್ತು. ಎಲ್ಲರ ಚೀಲಗಳಿಗೂ ಮೂಗು ಹಚ್ಚುತ್ತ ಬಂದು, ಬಾಟಲಿ ಇದ್ದ ನನ್ನ ಚೀಲವನ್ನೂ ಮೂಸಿ, ಏನೂ ಇಲ್ಲವೆನ್ನುವ ಹಾಗೆ ಮುಂದೆ ಹೋಯಿತು. ಅಷ್ಟಕ್ಕೇ ನನಗೆ ಸಮಾಧಾನವಾಯಿತು. ನಾಯಿಗೆ ಸಿಗದಿದ್ದರೆ ಅದರಲ್ಲಿ ಏನೂ ಇರಲಿಕ್ಕಿಲ್ಲ ಅಂದುಕೊಂಡೆ. ಎಂಥ ಹುಚ್ಚು ಸಮಾಧಾನ ಎಂದು ಈಗ ಅನಿಸುತ್ತದೆ.

ಮೊದಲ ದಿನ: ಪರದೆ ಇಲ್ಲದ ಕಿಟಕಿಗಳು

ಆ ಊರಿನ ಮನೆಗಳಿಗೆ ದೊಡ್ಡ ದೊಡ್ಡ ಗಾಜಿನ ಕಿಟಕಿ, ಒಂದಕ್ಕೂ ಪರದೆ ಇಲ್ಲ. ಉಣ್ಣುವುದು, ಇಸ್ತ್ರಿ ಮಾಡುವುದು, ಗಂಡ ಹೆಂಡತಿ ಮುನಿಸಿಕೊಂಡು ಕುಳಿತದ್ದು, ಎಲ್ಲ ರಸ್ತೆಗೆ ಕಾಣುತ್ತದೆ. ಆದರೆ ಹೋಗುವವರು ಯಾರೂ ನೋಡುವುದಿಲ್ಲ. ನಾನು ತಲೆ ತಗ್ಗಿಸಿ ನಡೆದೆ. ನಮ್ಮ ಓಣಿಯಲ್ಲಿ ಬಾಗಿಲ ಹಿಂದೆ ಏನು ನಡೆದರೂ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಎಲ್ಲ ಕಾಣುತ್ತದೆ, ಯಾರಿಗೂ ಗೊತ್ತಿರುವುದಿಲ್ಲ.

ಸೀರೆಯ ಮೇಲೆ ಶಾಹೀನಳ ಅಣ್ಣನ ಸ್ವೆಟರು, ಕಾಲಿಗೆ ಎರಡೆರಡು ಮೋಜಾ ಹಾಕಿಕೊಂಡು ಚಪ್ಪಲಿಯಲ್ಲೇ ಓಡಾಡಿದೆ. ಊರ ತುಂಬ ಕಾಲುವೆಗಳು. ಒಂದು ಕಡೆ ಹೊಲಕ್ಕಿಂತ ನೀರೇ ಎತ್ತರದಲ್ಲಿತ್ತು. ನಿಮ್ಮ ಅಜ್ಜ ನೆನಪಾದರು. ಅವರು ನಮ್ಮ ಕಾಲುವೆಯ ಸೌಡಿ, ಅಂದರೆ ಗೇಟು ಎತ್ತಿ ಇಳಿಸಿ ನೀರು ಹಂಚುವವರು. ಗೇಟಿನ ಚಕ್ರ ತಿರುಗಿಸುವಾಗಲೆಲ್ಲ ಕೊನೆಯ ಹೊಲದವರ ಬೈಗುಳ, ಮೊದಲ ಹೊಲದವರ ಬೈಗುಳ ಎರಡನ್ನೂ ತಿನ್ನುತ್ತಿದ್ದರು. ಇಲ್ಲಿಯ ಗೇಟಿನ ಹತ್ತಿರ ಒಂದು ಬಾತುಕೋಳಿ ಬಿಟ್ಟರೆ ಯಾರೂ ಇರಲಿಲ್ಲ. ಇಷ್ಟು ನೀರಿದ್ದೂ ಬಡಿದಾಡುವವರಿಲ್ಲವೇ ಎಂದು ಅವರು ನಂಬುತ್ತಿರಲಿಲ್ಲ.

ವಿದ್ಯಾಲಯದಲ್ಲಿ ನಮ್ಮನ್ನು ನೋಡಿಕೊಂಡವಳು ಮರೈಕೆ. ಶಾಹೀನಳಿಗೆ ಗುರು. ನನಗಿಂತ ಹಿರಿಯಳು, ಆದರೂ ಸೈಕಲ್ಲಿನ ಮೇಲೆ ಬರುತ್ತಿದ್ದಳು. ಚಹಾ ಕೊಟ್ಟು ಬಿಸ್ಕೀಟಿನ ಡಬ್ಬಿ ತೆಗೆದಳು. ಒಂದು ತೆಗೆದುಕೊಂಡೆ. ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟಳು. ಎರಡನೆಯದನ್ನು ಕೇಳುವ ರೂಢಿಯೇ ಅಲ್ಲಿಲ್ಲ ಎಂದು ಶಾಹೀನ್ ಹೇಳಿದಳು. ನಮ್ಮಲ್ಲಿ ಹೀಗೆ ಮಾಡಿದರೆ ಬೀಗರು ಮತ್ತೆ ಹೊಸ್ತಿಲು ತುಳಿಯುವುದಿಲ್ಲ.

ಎರಡನೆಯ ದಿನ: ಯಂತ್ರದ ಕೋಣೆ

ಯಂತ್ರ ಎಂದರೆ ಗಿರಣಿಯಷ್ಟು ದೊಡ್ಡದಿರುತ್ತದೆ ಅಂದುಕೊಂಡಿದ್ದೆ. ನಮ್ಮ ಟ್ರಂಕಿನಷ್ಟೇ ಇತ್ತು, ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಪಲ್ಲೆಯನ್ನು ಅರೆದು, ಯಾವುದೋ ನೀರಿನಲ್ಲಿ ನೆನೆಸಿ, ಸೋಸಿ, ಕಣ್ಣಿಗೆ ಹಾಕುವ ಔಷಧದಷ್ಟು ಸಣ್ಣ ಶೀಶೆಯಲ್ಲಿ ತುಂಬುತ್ತಾರೆ. ಯಂತ್ರ ಅದನ್ನು ಹೀರಿ ಕಂಪ್ಯೂಟರಿನ ಮೇಲೆ ಒಂದು ಗೆರೆ ಎಳೆಯುತ್ತದೆ. ಏನೂ ಇಲ್ಲದಿದ್ದರೆ ಗೆರೆ ನೆಟ್ಟಗೆ ಹೋಗುತ್ತದೆ. ಏನಾದರೂ ಇದ್ದರೆ ಅಲ್ಲಿ ಸೂಜಿಯ ಹಾಗೆ ಮೇಲೆ ಏಳುತ್ತದೆ. ಒಂದೊಂದು ಔಷಧಕ್ಕೂ ಸೂಜಿ ಏಳುವ ಜಾಗ ಬೇರೆ.

ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಇದ್ದರೂ ಹಿಡಿಯುತ್ತದೆ ಎಂದು ಮರೈಕೆ ಹೇಳಿದಳು. ನನಗೆ ತಿಳಿಯಲಿಲ್ಲ. ಶಾಹೀನ್ ತಿಳಿಸಿಕೊಟ್ಟಳು.

"ನಿಮ್ಮೂರ ಕೆರಿ ತುಂಬಿ ನಿಂತಾಗ ಅದರಾಗ ಒಂದು ಚಿಮಟಿಗಿ ಅರಿಷಿಣ ಒಗದ್ರ, ಆ ಅರಿಷಿಣ ಎಷ್ಟದ ಅಂತ ಹೇಳತದ್ರಿ ಇದು."

ನಾನು ಬಾಟಲಿಯನ್ನು ಎರಡೂ ಕೈಯಿಂದ ಮರೈಕೆಗೆ ಕೊಟ್ಟೆ. ಯಾರಿಗಾಗಿ ಕುಟ್ಟಿದ್ದ ಪುಡಿ ಎಂದು ಶಾಹೀನ್ ಅವಳಿಗೆ ಹೇಳಿದಳು. ಮರೈಕೆ ಬಾಟಲಿಯನ್ನು ಮೇಜಿನ ಮೇಲೆ ಇಡದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. ಮೂರು ದಿನ ಬೇಕು ಎಂದಳು. ಆಮೇಲೆ, ಏನಿದೆ ಎಂದು ಹೇಳಬಲ್ಲೆ, ಅದರಿಂದ ಏನಾಯಿತು ಎಂದು ಹೇಳಲಾರೆ, ಇದನ್ನು ಈಗಲೇ ತಿಳಿದುಕೊಳ್ಳಿ ಎಂದಳು. ತಿಳಿಯಿತು ಎಂದು ತಲೆ ಆಡಿಸಿದೆ. ನಿಜವಾಗಿ ಏನೂ ತಿಳಿದಿರಲಿಲ್ಲ.

ಮೂರನೆಯ ದಿನ: ಹುಟ್ಟಿದ ದಿನದ ಪಟ್ಟಿ

ಮರೈಕೆಯ ಮಗಳ ಹುಟ್ಟಿದ ದಿನಕ್ಕೆ ಅವರ ಮನೆಗೆ ಹೋದೆವು. ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕುಳಿತಿದ್ದರು. ಬಂದವರು ಹುಟ್ಟಿದವಳಿಗೆ ಮಾತ್ರವಲ್ಲ, ಅವಳ ಅವ್ವನಿಗೆ, ಅಣ್ಣನಿಗೆ, ಸೋದರತ್ತೆಗೆ, ಎಲ್ಲರ ಕೈ ಹಿಡಿದು ಅಭಿನಂದನೆ ಹೇಳುತ್ತಾರೆ. ನಿನ್ನ ಮಗಳು ಹುಟ್ಟಿದ್ದಕ್ಕೆ ನಿನಗೆ ಅಭಿನಂದನೆ ಎಂದು. ನನಗೆ ಅದು ಬಹಳ ಸರಿ ಅನಿಸಿತು. ನಮ್ಮಲ್ಲಿ ಹೆಣ್ಣು ಹುಟ್ಟಿದ್ದಕ್ಕೆ ಹೆತ್ತವಳಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಅವರು ಹುಟ್ಟಿದ ದಿನಗಳ ಪಟ್ಟಿಯನ್ನು ಪಾಯಖಾನೆಯ ಗೋಡೆಗೆ ತೂಗುಹಾಕುತ್ತಾರೆ. ದಿನವೂ ಕಣ್ಣಿಗೆ ಬೀಳಲಿ ಎಂದು. ಮರೈಕೆ ಆ ಪಟ್ಟಿ ತಂದು, ರತ್ನಾಳ ದಿನ ಯಾವುದು, ಬರೆದುಕೊಳ್ಳುತ್ತೇನೆ ಎಂದಳು. ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಮಾಸ್ತರರು ಊರಿನ ಎಲ್ಲ ಮಕ್ಕಳಿಗೂ ಬರೆದ ಹಾಗೆ ಅವಳಿಗೂ ಜೂನ್ ಒಂದು ಎಂದು ಬರೆದಿದ್ದರು. ನನಗೆ ಗೊತ್ತಿರುವುದು ಇಷ್ಟೇ. ನಮ್ಮ ಕಾಲುವೆಗೆ ಮೊದಲ ನೀರು ಬಿಟ್ಟ ವಾರ ಅವಳು ಹುಟ್ಟಿದಳು. ಓಣಿಯವರೆಲ್ಲ ನೀರು ನೋಡಲು ದಂಡೆಗೆ ಓಡಿದ್ದರು, ಸೂಲಗಿತ್ತಿಯನ್ನು ಅಲ್ಲಿಂದ ಕರೆತರಬೇಕಾಯಿತು. ಮರೈಕೆ ಜೂನ್ ಒಂದನೆಯ ತಾರೀಕಿನ ಎದುರಿಗೆ ರತ್ನಾ ಎಂದು ಅವರ ಅಕ್ಷರದಲ್ಲಿ ಬರೆದಳು. ಆ ತಾರೀಕು ಸುಳ್ಳೆಂದು ಗೊತ್ತಿದ್ದೂ ಬರೆಯಗೊಟ್ಟೆ.

ನಾಲ್ಕನೆಯ ದಿನ: ಗುಡ್ಡದ ಗೋಳಿ ಪಲ್ಲೆ

ಮರುದಿನದ ಸಭೆಗೆ ನಾನು ಹೇಳಬೇಕಾದದ್ದನ್ನು ಶಾಹೀನ್ ಬರೆಯುತ್ತಿದ್ದಳು. ಮರೈಕೆ ಬಂದು ಮೂರು ವರ್ಷದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಒಂದೊಂದು ಹಾಳೆಯೂ ನಾನು ಹರಿದ ಒಂದೊಂದು ಪಲ್ಲೆ. ಗೆರೆಗಳನ್ನು ಓದಲು ನನಗೆ ಬಾರದು. ಆದರೂ ಎಲ್ಲ ಹಾಳೆಗಳಲ್ಲೂ ಒಂದೇ ಜಾಗದಲ್ಲಿ ಒಂದು ಸೂಜಿ ಎದ್ದಿದ್ದು ಕಣ್ಣಿಗೆ ಬಿತ್ತು.

ಅದು ಹಳೆಯ ಹುಳದ ಪುಡಿ ಎಂದು ಶಾಹೀನ್ ಹೇಳಿದಳು. ಕಾಲುವೆ ಬಂದ ಹೊಸದರಲ್ಲಿ ಹುಳ ಸಾಯಲೆಂದು ಭತ್ತಕ್ಕೆ ಉದುರಿಸುತ್ತಿದ್ದರಲ್ಲ, ಬಿಳಿ ಪುಡಿ, ಅದು. ಮಾರುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದೆ. ಈಗಿನ ಔಷಧಗಳ ಸೂಜಿಗಳು ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿಲ್ಲ. ಹಳೆಯದು ಮಾತ್ರ ಎಲ್ಲದರಲ್ಲೂ ಇದೆ.

ಮರೈಕೆ ಒಂದು ಹಾಳೆಯ ಮೇಲೆ ಬೆರಳಿಟ್ಟಳು. ಅದು ಶಹಾಪುರದ ಗುಡ್ಡದ್ದು. ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ನಿಮ್ಮನ್ನು ಕರೆದುಕೊಂಡು ಹೋಗಿದ್ದೆ, ಅದೇ ಗುಡ್ಡ. ಕಾಲುವೆ ಮುಟ್ಟದ, ಔಷಧ ಹೊಡೆಯದ ಜಾಗದ ಪಲ್ಲೆಯೂ ಹೋಲಿಕೆಗೆ ಬೇಕೆಂದು ಶಾಹೀನ್ ಹೇಳಿದ್ದಕ್ಕೆ, ನಾನು ಬಂಡೆಯ ಸಂದಿಯಲ್ಲಿ ಬೆಳೆದ ಗೋಳಿ ಪಲ್ಲೆಯನ್ನು ಅಲ್ಲಿಂದ ತಂದಿದ್ದೆ. ಅದರಲ್ಲೂ ಅದೇ ಸೂಜಿ. ಅಂದರೆ ಈ ಪುಡಿ ಗಾಳಿಯಲ್ಲಿ ಹಾರಿ ಗುಡ್ಡವನ್ನೂ ಮುಟ್ಟಿದೆ, ಜಿಲ್ಲೆಗೆ ಜಿಲ್ಲೆಯೇ ಆವರಿಸಿದೆ ಎಂದು ಮರೈಕೆ ಲೆಕ್ಕ ಹಾಕಿದ್ದಳು. ನಾಳೆ ಸಭೆಯಲ್ಲಿ ಅದನ್ನೇ ಹೇಳುವವಳಿದ್ದಳು. ಶಾಹೀನಳ ಮುಖ ಅರಳಿತ್ತು. ಅವಳ ಪದವಿ ಅದರ ಮೇಲೆಯೇ ನಿಂತಿತ್ತು.

ನಾನು ಆ ಹಾಳೆಯನ್ನೇ ನೋಡುತ್ತ ಕುಳಿತೆ. ಗುಡ್ಡದ ಮೇಲೆ ಆ ಪುಡಿ ಎಲ್ಲಿಂದ ಬರಬೇಕು? ಅಲ್ಲಿ ಆಡು ಬಿಟ್ಟರೆ ಯಾರೂ ಹೋಗುವುದಿಲ್ಲ. ಆಗ ಅದನ್ನು ನಾನು ಎಲ್ಲಿ ಬಾಡಿಸಿದ್ದೆ ಎಂಬುದು ನೆನಪಾಯಿತು.

ಮಕ್ಕಳೇ, ನಾನು ಮಾಡಿದ್ದನ್ನು ಸರಿಯಾಗಿ ಬರೆಯುತ್ತೇನೆ. ಮೊದಲ ದಿನವೇ ಶಾಹೀನ್ ಹೇಳಿದ್ದಳು, ತೊಳೆಯಬೇಡಿ, ಒಣಗಿಸಬೇಡಿ, ಹರಿದ ಕೂಡಲೇ ಬೆಳ್ಳಿಯ ಬಣ್ಣದ ಕಾಗದದಲ್ಲಿ ಸುತ್ತಿ ಬರ್ಫದ ಡಬ್ಬಿಯಲ್ಲಿಡಿ ಎಂದು. ಬರ್ಫ ಎರಡು ದಿನಕ್ಕೆ ನೀರಾಗುತ್ತಿತ್ತು. ಮೊದಲ ಎರಡು ಸಲ ಅವಳು ಬಂದು ಕಾಗದ ಬಿಚ್ಚಿದಾಗ ಪಲ್ಲೆ ಕೊಳೆತು ಲೋಳೆಯಾಗಿತ್ತು. ಅವಳು ಬೈಯಲಿಲ್ಲ, ಮುಖ ಸಣ್ಣದು ಮಾಡಿಕೊಂಡಳು. ಪರರ ಮನೆಯ ಹೆಣ್ಣುಮಗಳು ಬಸ್ಸಿನಲ್ಲಿ ಅಷ್ಟು ದೂರ ಬಂದರೆ ಕೊಳೆತ ಪಲ್ಲೆ ಕೊಡುವುದೇ ಎಂದು ನನಗೆ ನಾಚಿಕೆಯಾಯಿತು. ಬೀಗರ ಮನೆಗೆ ಪಲ್ಲೆ ಕಳಿಸುವಾಗ ನಾವೆಲ್ಲ ಮಾಡುವ ಹಾಗೆ, ನೆರಳಿನಲ್ಲಿ, ಕಾಳುಕಡಿ ಒಣಗಿಸಲು ಹಾಸುವ ತಟ್ಟಿನ ಮೇಲೆ ಅರ್ಧ ದಿನ ಬಾಡಿಸಿ ಆಮೇಲೆ ಸುತ್ತಿಟ್ಟೆ. ಮುಂದಿನ ಸಲ ಶಾಹೀನ್ ಬಿಚ್ಚಿ ನೋಡಿ, ನಿಮ್ಮ ಕೈ ಛಲೋ ಅದ ನೋಡ್ರಿ ಅವ್ವಾ, ಒಂದೂ ಕೊಳೆತಿಲ್ಲ ಅಂದಳು. ಆ ಹೊಗಳಿಕೆಯ ಮೇಲೆ ಹೇಗೆ ಹೇಳಲಿ? ಹೇಳಲಿಲ್ಲ. ಮೂರು ವರ್ಷ ಹಾಗೆಯೇ ಮಾಡಿದೆ.

ಆ ತಟ್ಟನ್ನು ನೀವು ನೋಡಿದ್ದೀರಿ. ಎಂಟು ಚೀಲಗಳನ್ನು ಬಿಚ್ಚಿ ಜೋಡಿಸಿ ನಾನೇ ದಬ್ಬಣದಿಂದ ಹೊಲಿದದ್ದು, ಅಂಚಿಗೆ ನನ್ನ ಹಳೆಯ ಸೀರೆಯ ದಡಿ ಇದೆ. ಆ ಎಂಟು ಚೀಲಗಳು ಹುಳದ ಪುಡಿಯವು. ಕಾಲುವೆ ಬಂದ ಹೊಸದರಲ್ಲಿ ರೈತರು ದಂಡೆಯ ಮೇಲೆ ಒಗೆದು ಹೋದದ್ದನ್ನು ನಿಮ್ಮ ಅಜ್ಜ ಆರಿಸಿ ತಂದಿದ್ದರು. ಗಟ್ಟಿ ಚೀಲ, ಯಾರು ಬಿಡುತ್ತಾರೆ? ಓಣಿಯವರೆಲ್ಲ ತಂದಿದ್ದರು. ಮೂರು ದಿನ ಕಾಲುವೆಯಲ್ಲಿ ನೆನೆಹಾಕಿ ಬಡಿದು ತೊಳೆದೆ. ವಾಸನೆ ಹೋಯಿತು. ವಾಸನೆ ಹೋದರೆ ಎಲ್ಲ ಹೋಯಿತು ಎಂದೇ ನಮ್ಮ ತಿಳಿವಳಿಕೆ.

ಅದೇ ದಿನ, ಮಧ್ಯಾಹ್ನ

ಅವರ ಮಧ್ಯಾಹ್ನದ ಊಟ ತಣ್ಣನೆಯ ಬ್ರೆಡ್ಡು. ಅದನ್ನು ಮುಟ್ಟದೆ ಕುಳಿತಿದ್ದೆ. ಸುಮ್ಮನಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಸುಮ್ಮನಿದ್ದರೆ ತಪ್ಪು ಗಾಳಿಯದು, ಕಾಲುವೆಯದು. ಶಾಹೀನಳಿಗೆ ಪದವಿ ಸಿಗುತ್ತದೆ. ನನಗೂ ಒಂದು ಉತ್ತರ ಸಿಗುತ್ತದೆ, ನನ್ನ ಕೈ ತಪ್ಪಿಸಿಕೊಳ್ಳುತ್ತದೆ.

ಆದರೆ ಅಷ್ಟು ದೂರ ಹೋದದ್ದು ನಿಜ ತಿಳಿಯಲು. ಶಾಹೀನಳನ್ನು ಕರೆದೆ.

"ಶಾಹೀನ್, ನಾ ಒಂದು ತಪ್ಪು ಮಾಡೀನಿ."

"ಏನ್ರಿ, ಹೇಳೂದು ಮರತ್ರೇನು? ಫಿಕರ್ ಮಾಡಬ್ಯಾಡ್ರಿ, ನಾ ಬಾಜೂಕ ನಿಂದರ್ತೀನಿ."

"ಪಲ್ಲೆ ಬಾಡಿಸಿ ಕೊಡ್ತಿದ್ದೆ. ತಟ್ಟಿನ ಮ್ಯಾಲ."

"ಯಾವ ತಟ್ಟು?"

"ಹುಳದ ಪುಡಿ ಚೀಲದ್ದು."

ಅವಳು ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. "ಗುಡ್ಡದ್ದೂ?"

"ಗುಡ್ಡದ್ದೂ."

"ಮೂರು ವರ್ಷ ಆತಲ್ರಿ ಅವ್ವಾ" ಎಂದಳು. ನನಗೆ ಬೈದಿದ್ದರೆ ಹಗುರಾಗುತ್ತಿತ್ತು. ಮತ್ತೆ ಸಣ್ಣ ದನಿಯಲ್ಲಿ ಹೇಳಿದಳು. "ಯಾರೂ ಕೇಳಿಲ್ಲ. ನೀವು ಹೇಳದಿದ್ರ ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತಾಗ್ಯದಲ್ಲವ್ವ."

ಅವಳು ಎದ್ದು ಹೊರಗೆ ಹೋದಳು. ಹನಿ ಮಳೆ ಬರುತ್ತಿತ್ತು. ಕಾಲುವೆಯ ದಂಡೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುವುದು ಕಿಟಕಿಯಲ್ಲಿ ಕಾಣುತ್ತಿತ್ತು. ತೊಯ್ದು ಬಂದಳು. ಕನ್ನಡಕ ಒರೆಸಿಕೊಂಡು, "ನಡೀರಿ, ಹೇಳೋಣು" ಎಂದಳು.

ಮರೈಕೆ ಎಲ್ಲವನ್ನೂ ಕೇಳಿದಳು. ಎಷ್ಟು ಚೀಲ, ಚೀಲದ ಮೇಲೆ ಏನು ಚಿತ್ರವಿತ್ತು, ಎಷ್ಟು ಹೊತ್ತು ಬಾಡಿಸುತ್ತಿದ್ದೆ ಎಂದು ಒಂದೊಂದನ್ನೂ ಬರೆದುಕೊಂಡಳು. ಹುಳ ಬೆನ್ನ ಮೇಲೆ ಬಿದ್ದ ಚಿತ್ರವನ್ನು ನಾನೇ ಬರೆದು ತೋರಿಸಿದೆ. ಆಮೇಲೆ ಅವಳು ಪೆನ್ಸಿಲು ತೆಗೆದುಕೊಂಡು ಒಂದೊಂದು ಹಾಳೆಯ ಮೇಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆದಳು. ಸಿಟ್ಟಿನಿಂದಲ್ಲ, ನಿಧಾನವಾಗಿ, ಅಡಿಪಟ್ಟಿ ಇಟ್ಟು. ಈಗಿನ ಔಷಧಗಳ ಸೂಜಿಗಳನ್ನಾದರೂ ಉಳಿಸಿಕೊಳ್ಳಬಹುದೇ ಎಂದು ಶಾಹೀನ್ ಕೇಳಿದಳು. ಆ ತಟ್ಟಿನ ಮೇಲೆ ಇನ್ನೂ ಏನೇನು ಒಣಗಿತ್ತೋ ಯಾರಿಗೆ ಗೊತ್ತು, ಆಗುವುದಿಲ್ಲ ಎಂದಳು ಮರೈಕೆ. ನಮ್ಮ ಕಾಲುವೆಯ ಪಲ್ಲೆಯಲ್ಲಿ ವಿಷವಿದೆಯೋ ಇಲ್ಲವೋ ಎಂಬುದು ಮೂರು ವರ್ಷದ ಹಿಂದೆ ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತು. ಮತ್ತೆ ಅಳೆಯಲು ಯಾರೂ ಬರುವುದಿಲ್ಲ.

ಕೊನೆಯ ಹಾಳೆಯ ಮೇಲೆ ಗೆರೆ ಎಳೆದು ಮರೈಕೆ ತಲೆ ಎತ್ತಿದಳು. ಬಾಟಲಿಯ ಪುಡಿಯನ್ನು ಎಲ್ಲಿ ಒಣಗಿಸಿದ್ದಿರಿ ಎಂದು ಕೇಳಿದಳು. ಹಾಳೆ ನೋಡಿದಾಗಲೇ ಆ ಪ್ರಶ್ನೆ ನನ್ನ ಎದೆಗೆ ಬಂದು ನಿಂತಿತ್ತು. ಅದೇ ತಟ್ಟಿನ ಮೇಲೆ ಎಂದೆ. ಅದನ್ನು ಅರ್ಧ ದಿನವಲ್ಲ, ಎಂಟು ದಿನ ಒಣಗಿಸಿದ್ದೆ.

ಐದನೆಯ ದಿನ: ಸಭೆ

ಬೆಳಿಗ್ಗೆ ಬಾಟಲಿಯ ಗೆರೆ ಬಂತು. ಅದೇ ಜಾಗದ ಸೂಜಿ, ಉಳಿದೆಲ್ಲ ಹಾಳೆಗಳಿಗಿಂತ ಎತ್ತರ. ಹಾಳೆಯ ಮೇಲಂಚನ್ನು ಮುಟ್ಟಿತ್ತು. ಆ ಒಂದು ಹಾಳೆಯ ಮೇಲೆ ಮಾತ್ರ ಮರೈಕೆ ಪೆನ್ಸಿಲಿನ ಗೆರೆ ಎಳೆಯಲಿಲ್ಲ. ಯಾಕೆಂದರೆ ಅದು ಸುಳ್ಳಲ್ಲ. ಪಲ್ಲೆಯಲ್ಲಿತ್ತೋ ತಟ್ಟಿನಿಂದ ಬಂತೋ, ರತ್ನಾ ತಿಂದದ್ದು ಅದನ್ನೇ.

ರೋಗ ಅದರಿಂದಲೇ ಬಂತೇ ಎಂದು ನಾನು ಕೇಳಿದೆ. ಆ ದೇಶದಲ್ಲಿ ನಾನಾಗಿಯೇ ಕೇಳಿದ ಪ್ರಶ್ನೆ ಅದೊಂದೇ. ಅದನ್ನು ಹೇಳುವ ಯಂತ್ರ ಇಲ್ಲ ಎಂದಳು ಮರೈಕೆ. ಮೊಮ್ಮಕ್ಕಳೂ ಅದೇ ತಟ್ಟಿನ ಮೇಲೆ ಒಣಗಿದ ಮೆಣಸಿನಕಾಯಿ, ಸಂಡಿಗೆ ತಿಂದಿದ್ದಾರೆ, ಅವರ ಗತಿ ಏನು ಎಂದು ಶಾಹೀನ್ ನನ್ನ ಪರವಾಗಿ ಕೇಳಿದಳು. ಮರೈಕೆ ಸುಮ್ಮನೆ ಸಮಾಧಾನ ಹೇಳುವವಳಲ್ಲ. ತಿನ್ನುವುದು ನಿಂತರೆ ಮೈಯಲ್ಲಿರುವುದು ವರ್ಷ ವರ್ಷ ಕಡಿಮೆಯಾಗುತ್ತದೆ, ಹೆದರಬೇಡಿ ಎನ್ನುವಷ್ಟು ನನಗೆ ಗೊತ್ತಿಲ್ಲ, ಹೆದರಿ ಎನ್ನುವಷ್ಟೂ ಗೊತ್ತಿಲ್ಲ ಎಂದಳು.

ಸಭೆಯಲ್ಲಿ ನಾನು ಎದ್ದು ನಿಂತು ನಾಲ್ಕು ಮಾತು ಹೇಳಿದೆ. ಪಲ್ಲೆ ಹರಿದೆ. ವಿಷದ ಚೀಲದ ಮೇಲೆ ಬಾಡಿಸಿದೆ. ಯಾರಿಗೂ ಹೇಳಲಿಲ್ಲ. ನನ್ನ ಪಲ್ಲೆಯ ಲೆಕ್ಕ ತಗೋಬೇಡಿ. ಶಾಹೀನ್ ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದು ಒಳ್ಳೆಯದಾಯಿತು.

ಹೊರಗೆ ಬಂದಾಗ ಬೇರೆ ಯಾವುದೋ ದೇಶದ, ನನ್ನಷ್ಟೇ ಕಪ್ಪಗಿನ ಹೆಂಗಸೊಬ್ಬಳು ಹತ್ತಿರ ಬಂದಳು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ. ಕೈಯಿಂದ ಚೀಲ ಬಿಚ್ಚುವ ಹಾಗೆ ಮಾಡಿ, ದಬ್ಬಣ ಹಾಕಿ ಹೊಲಿಯುವ ಹಾಗೆ ಮಾಡಿ, ತನ್ನ ಎದೆಯನ್ನು ಮುಟ್ಟಿಕೊಂಡಳು. ನಾವಿಬ್ಬರೂ ಗೋಡೆಗೆ ಒರಗಿ ನಿಂತೆವು.

ಊರಿಗೆ ಬಂದ ಮೇಲೆ

ಉಳಿದ ದಿನಗಳಲ್ಲಿ ಏನೇನೋ ತೋರಿಸಿದರು. ಹೂವಿನ ತೋಟ, ಗಾಳಿಗಿರಣಿ. ನನಗೆ ಏನೂ ನೆನಪಿಲ್ಲ.

ಊರಿಗೆ ಬಂದವಳೇ ತಟ್ಟನ್ನು ಸುರುಳಿ ಸುತ್ತಿದೆ. ಮರೈಕೆ ಹೇಳಿ ಕಳಿಸಿದ್ದಳು, ಸುಡಬೇಡಿ, ಹೊಗೆಯಲ್ಲಿ ಹೋಗುತ್ತದೆ. ಹೂಳಬೇಡಿ, ಮಣ್ಣಿಗೆ ಸೇರುತ್ತದೆ. ನೀರಿಗಂತೂ ಹಾಕಬೇಡಿ. ಅವರ ದೇಶದಲ್ಲಿ ಇಂಥದ್ದನ್ನು ಒಯ್ದು ಕೊಡಲು ಒಂದು ಜಾಗವಿದೆಯಂತೆ. ಶಾಹೀನ್ ನನ್ನನ್ನು ಕರೆದುಕೊಂಡು ಮೂರು ಕಚೇರಿಗಳಿಗೆ ಅಲೆದಳು. ಒಂದು ಕಡೆ ಗುಮಾಸ್ತ ಫೈಲಿನಿಂದ ಕಣ್ಣು ಎತ್ತಿ, "ಒಂದು ತಟ್ಟಿಗಿ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಯಮ್ಮಾ, ಕಡ್ಡಿ ಗೀರಿ ಸುಟ್ಟುಬಿಡ್ರಿ" ಎಂದ. ಉಳಿದ ಕಡೆ ಅಷ್ಟನ್ನೂ ಹೇ‍ಳಲಿಲ್ಲ.

ಓಣಿಯ ಹೆಂಗಸರಿಗೆ ಮನೆ ಮನೆಗೆ ಹೋಗಿ ಹೇಳಿದೆ. ಇಡೀ ಜನ್ಮದಲ್ಲಿ ನಾನು ಅಷ್ಟು ಮಾತಾಡಿರಲಿಲ್ಲ. ಕೆಲವರು ಹೂಂ ಅಂದರು. ಎದುರುಮನೆಯವಳು ಮೆಣಸಿನಕಾಯಿ ಹರವುತ್ತಲೇ ನಕ್ಕಳು. "ವಿಮಾನ ಹತ್ತಿ ಬಂದಾಳಂತ ಈಗ ನಮ್ಮ ತಟ್ಟಿಗಿ ಹೆಸರಿಡಾಕತ್ತಾಳ. ಮೂವತ್ತು ವರ್ಷ ಇದರ ಮ್ಯಾಲ ಹಾಕೀನಿ, ನನಗೇನಾಗ್ಯದ?" ಅವಳಿಗೆ ಏನೂ ಆಗಿಲ್ಲ, ನಿಜ. ಅವಳ ತಟ್ಟು ಈಗಲೂ ಅಂಗಳದಲ್ಲಿದೆ.

ನಿಮ್ಮ ಅಪ್ಪನಿಗೂ ಹೇಳಿದೆ. ಉಣ್ಣುತ್ತಿದ್ದವನು ತಾಟು ಸರಿಸಿ ಕೈ ತೊಳೆದ. ಆಮೇಲೆ, ನೀವು ಬೇಕಂತ ಮಾಡಿಲ್ಲಲ್ರಿ ಅತ್ತಿ ಅಂದ. ಬೇಕೆಂದು ಮಾಡಿಲ್ಲ. ಆದರೆ ಮಾಡಿದ್ದೇನೆ. ಶಾಹೀನ್ ಈಗ ಸುರಪುರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಪದವಿ ಮುಗಿಯಲಿಲ್ಲ. ಹಬ್ಬಕ್ಕೆ ಶೀರ್ ಕುರ್ಮಾ ಕಳಿಸುತ್ತಾಳೆ. ಬಂದರೆ ಪಲ್ಲೆಯ ಮಾತು ಇಬ್ಬರೂ ಎತ್ತುವುದಿಲ್ಲ.

ತಟ್ಟು ಹಿತ್ತಲ ಕೋಣೆಯಲ್ಲಿ ನೀಲಿ ಡ್ರಮ್ಮಿನೊಳಗಿದೆ. ಮುಚ್ಚಳಕ್ಕೆ ಡಾಂಬರು ಹಚ್ಚಿದ್ದೇನೆ. ನಾನಿರುವವರೆಗೆ ಯಾರೂ ತೆರೆಯುವುದಿಲ್ಲ. ನಾನು ಹೋದ ಮೇಲೆ ಯಾರಾದರೂ ಒಳ್ಳೆಯ ಡ್ರಮ್ಮು ಎಂದು ನೀರು ತುಂಬಿಡಲು ಒಯ್ಯುತ್ತಾರೆ, ಗಟ್ಟಿ ತಟ್ಟು ಎಂದು ಹಾಸಿಕೊಳ್ಳುತ್ತಾರೆ. ನಿಮ್ಮ ಅಜ್ಜ ತಂದದ್ದೂ ಹಾಗೆಯೇ, ನಾನು ಹೊಲಿದದ್ದೂ ಹಾಗೆಯೇ. ಡ್ರಮ್ಮಿನ ಮೇಲೆ ಸುಣ್ಣದಿಂದ ವಿಷ ಎಂದು ಬರೆದಿದ್ದೇನೆ, ಆದರೆ ಸುಣ್ಣ ಎಷ್ಟು ದಿನ ನಿಲ್ಲುತ್ತದೆ?

ಅದಕ್ಕೆ ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮ ಅವ್ವನ ಫೋಟೋದ ಹಿಂದೆ ಇಡಬೇಡಿ, ಅಲ್ಲಿ ಗೆದ್ದಲು ಬರುತ್ತದೆ. ಶಾಲೆಯ ಸರ್ಟಿಫಿಕೇಟುಗಳ ಜೊತೆ ಇಡಿ, ಮನೆ ಬದಲಿಸಿದರೆ ನೆನಪಿನಿಂದ ಒಯ್ಯಿರಿ, ಹಾಳೆ ಹಳೆಯದಾದರೆ ಕುಳಿತು ಇನ್ನೊಂದು ಪ್ರತಿ ಬರೆಯಿರಿ. ಆ ಪುಡಿ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಮರೈಕೆ ಹೇಳಿದ್ದಾಳೆ. ಅದು ಇರುವವರೆಗೆ ಇದೂ ಇರಬೇಕು.